ಮೀನಿನ ಲೆಕ್ಕ ಯಂತ್ರಕ್ಕೆ, ಯಂತ್ರದ ಲೆಕ್ಕ ಯಾರಿಗೆ?

ಅಕ್ವೇರಿಯಂ ನೀರನ್ನು ತಾನಾಗಿ ಪರೀಕ್ಷಿಸುವ ಯಂತ್ರಗಳನ್ನು ಮಾರುವವರು ನಿಜಕ್ಕೂ ಮಾರುವುದು ಅಳತೆಯನ್ನಲ್ಲ, ನಿಶ್ಚಿಂತೆಯನ್ನು. ಒಮ್ಮೆ ಕೂರಿಸಿ, ಮರೆತುಬಿಡಿ. ಊರಿಗೆ ಹೋಗಿ ಬನ್ನಿ, ನೀರಿನ ಸ್ಥಿತಿ ಫೋನಿನಲ್ಲೇ ಕಾಣುತ್ತದೆ. ಪುಣೆಯಿಂದ ಹುಬ್ಬಳ್ಳಿಗೋ ಮುಂಬಯಿಯಿಂದ ಉಡುಪಿಗೋ ಹೋಗಲು ಹತ್ತು ದಿನ ಮನೆಗೆ ಬೀಗ ಹಾಕುವವರಿಗೆ ಈ ಮಾತು ಎಷ್ಟು ಹಿತವಾಗಿ ಕೇಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಮಾತು ಸುಳ್ಳು. ನೀರನ್ನು ಅಳೆಯುವ ಕೆಲಸವನ್ನು ಯಂತ್ರಕ್ಕೆ ವಹಿಸಿದ ದಿನದಿಂದಲೇ ಯಂತ್ರವನ್ನು ಅಳೆಯುವ ಕೆಲಸ ಮನುಷ್ಯನ ಹೆಗಲಿಗೆ ಬೀಳುತ್ತದೆ. ಈ ಎರಡನೆಯ ಕೆಲಸದ ಬಗ್ಗೆ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ, ತೊಟ್ಟಿ ನೋಡಿಕೊಳ್ಳಲು ಬರುವ ಹುಡುಗನಿಗೆ ಅದಕ್ಕೆಂದು ಯಾರೂ ಕಾಸು ಕೊಡುವುದಿಲ್ಲ. ಬೆಲೆ ತೆರುವುದು ಮೀನು.

ಭಾರತದ ಮನೆಗಳಲ್ಲಿ ಇಂಥ ಯಂತ್ರ ಅತಿ ಹೆಚ್ಚು ಕಾಣುವುದು ಗಿಡ ಬೆಳೆಸಿದ ಸಿಹಿನೀರಿನ ತೊಟ್ಟಿಗಳಲ್ಲಿ. ಅದರ ಹೆಸರು ಪಿಎಚ್ ಕಂಟ್ರೋಲರ್. ನೀರೊಳಗೆ ಮುಳುಗಿದ ಒಂದು ಗಾಜಿನ ಪ್ರೋಬ್, ಗೋಡೆಯ ಮೇಲೊಂದು ಸಣ್ಣ ಪರದೆ, ಇಂಗಾಲದ ಡೈಆಕ್ಸೈಡ್ ಸಿಲಿಂಡರಿನ ಬಾಯಿಗೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ಕವಾಟ. ಗಿಡಗಳಿಗೆ ಅನಿಲ ಬೇಕು. ಅನಿಲ ಕರಗಿದಷ್ಟೂ ನೀರು ಆಮ್ಲೀಯವಾಗಿ ಪಿಎಚ್ ಇಳಿಯುತ್ತದೆ. ನಿಗದಿ ಮಾಡಿದ ಅಂಕಿಗಿಂತ ಪಿಎಚ್ ಮೇಲಿದ್ದರೆ ಕವಾಟ ತೆರೆಯುತ್ತದೆ, ಕೆಳಗಿಳಿದರೆ ಮುಚ್ಚುತ್ತದೆ. ಸರಳ, ಸುಂದರ.

ಲೆಕ್ಕ ಹೀಗಿದೆ. ನೀರಿನ ಕೆಎಚ್, ಅಂದರೆ ಆಮ್ಲವನ್ನು ತಾಳಿಕೊಳ್ಳುವ ಕ್ಷಾರೀಯತೆ, 4 ಡಿಗ್ರಿ ಇದೆ ಎಂದುಕೊಳ್ಳಿ. ಪಿಎಚ್ 6.6ರಲ್ಲಿ ನಿಂತರೆ ನೀರಿನಲ್ಲಿ ಲೀಟರಿಗೆ ಸುಮಾರು 30 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಗಿಡಕ್ಕೆ ಸಾಕು, ಮೀನಿಗೂ ಸಹ್ಯ. ಹವ್ಯಾಸಿಗಳೆಲ್ಲ ಇಟ್ಟುಕೊಳ್ಳುವ ಗುರಿ ಅದೇ. ಈಗ ಪ್ರೋಬ್ ಬರೀ 0.3ರಷ್ಟು ಹೆಚ್ಚು ತೋರಿಸತೊಡಗಿದೆ ಎನ್ನಿ. ಪರದೆಯ ಮೇಲೆ 6.6, ನೀರಿನಲ್ಲಿ 6.3. ನೋಡುವವರಿಗೆ ಇದು ಪೈಸೆಯಷ್ಟು ವ್ಯತ್ಯಾಸ. ಆದರೆ ಪಿಎಚ್ ಲಾಗರಿದಮ್ ಅಳತೆ; 0.3 ಇಳಿಯಿತೆಂದರೆ ಅನಿಲ ಎರಡು ಪಟ್ಟಾಯಿತು. 30 ಇದ್ದದ್ದು 60 ಮಿಲಿಗ್ರಾಂ. ಆಗ ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತವೆ. ನೀರಿನಲ್ಲಿ ಆಮ್ಲಜನಕ ಇದ್ದರೂ, ಇಂಗಾಲದ ಡೈಆಕ್ಸೈಡ್ ತುಂಬಿದ ರಕ್ತ ಅದನ್ನು ಸರಿಯಾಗಿ ಹಿಡಿದುಕೊಳ್ಳಲಾರದು.

ಇಲ್ಲಿರುವ ಮೋಸವನ್ನು ಸ್ವಲ್ಪ ನಿಂತು ನೋಡಬೇಕು. ಪ್ರೋಬ್ ತಪ್ಪಿದಾಗ ಪರದೆಯ ಅಂಕಿ ಅಡ್ಡಾದಿಡ್ಡಿಯಾಗುತ್ತದೆ, ಆಗ ಗೊತ್ತಾಗಿಬಿಡುತ್ತದೆ ಎಂದೇ ಹೆಚ್ಚಿನವರ ನಂಬಿಕೆ. ಆಗುವುದು ಅದರ ತದ್ವಿರುದ್ಧ. ಕವಾಟದ ಕೆಲಸವೇ ಪರದೆಯ ಅಂಕಿಯನ್ನು 6.6ರಲ್ಲಿ ನಿಲ್ಲಿಸುವುದು. ಪ್ರೋಬ್ ಎಷ್ಟು ತಪ್ಪಿದರೂ ಯಂತ್ರ ನೀರನ್ನೇ ಆ ತಪ್ಪಿಗೆ ಹೊಂದಿಸುತ್ತದೆ, ಪರದೆಯನ್ನು ಮಾತ್ರ ಕದಲಿಸುವುದಿಲ್ಲ. ಆ್ಯಪ್‌ನಲ್ಲಿ ಮೂರು ತಿಂಗಳ ನಕ್ಷೆ ತೆಗೆದು ನೋಡಿದರೆ ಕೆರೆಯ ನೀರಿನಂತೆ ಸಮತಟ್ಟು ಗೆರೆ. ಮೀನು ಸತ್ತ ದಿನವೂ ಸಮತಟ್ಟು. ಎಚ್ಚರಿಕೆಯ ಗಂಟೆ ಬಾರಿಸಬೇಕಾದುದೂ ಅದೇ ಅಂಕಿಯನ್ನು ನಂಬಿ ಕುಳಿತಿರುವುದರಿಂದ ಗಂಟೆ ಬಾರಿಸುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಮಾತಿಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗಲಿಕ್ಕಿಲ್ಲ.

ಪ್ರೋಬ್ ತಪ್ಪುವುದು ಅಪರೂಪದ ಅವಘಡವಲ್ಲ, ಅದರ ಹುಟ್ಟುಗುಣ. ಅದು ಕೊಡುವುದು ಪಿಎಚ್ ಅಂಕಿಯನ್ನಲ್ಲ, ಪುಟ್ಟ ವೋಲ್ಟೇಜನ್ನು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್ ಘಟಕಕ್ಕೆ ಸುಮಾರು 59 ಮಿಲಿವೋಲ್ಟ್. ಮೇಲೆ ಹೇಳಿದ 0.3ರ ತಪ್ಪಿಗೆ 18 ಮಿಲಿವೋಲ್ಟ್ ಜಾರಿದರೆ ಸಾಕು. ತುದಿಯ ಗಾಜಿನ ಗುಳ್ಳೆ ಮುಪ್ಪಾಗುತ್ತದೆ, ಒಳಗಿನ ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣ ಸಣ್ಣ ರಂಧ್ರದಿಂದ ಮೆಲ್ಲಗೆ ಸೋರುತ್ತದೆ, ರಂಧ್ರಕ್ಕೆ ಪಾಚಿ, ಸುಣ್ಣ ಕಟ್ಟಿಕೊಳ್ಳುತ್ತವೆ. ಗಿಡದ ತೊಟ್ಟಿಯ ಪ್ರಖರ ಬೆಳಕಿನಲ್ಲಿ ಪಾಚಿ ಹಿಡಿಯಲು ತಿಂಗಳು ಬೇಕಿಲ್ಲ. ಪಾಚಿ ಹಿಡಿದ ಪ್ರೋಬ್ ತಪ್ಪಾಗಿ ಓದುವ ಮೊದಲು ನಿಧಾನವಾಗಿ ಓದತೊಡಗುತ್ತದೆ. ಕವಾಟ ಮುಚ್ಚಬೇಕಾದ ಹೊತ್ತಿಗೆ ಮುಚ್ಚದೆ ಅನಿಲ ಮುಂದಕ್ಕೆ ಓಡಿರುತ್ತದೆ. ಎಷ್ಟೇ ಮುತುವರ್ಜಿಯಿಂದ ಇಟ್ಟರೂ ಪ್ರೋಬಿನ ಆಯುಸ್ಸು ಒಂದು, ಹೆಚ್ಚೆಂದರೆ ಎರಡು ವರ್ಷ. ಆ ಆಯುಸ್ಸು ಎಣಿಕೆಯಾಗುವುದು ತಯಾರಾದ ದಿನದಿಂದಲೇ ಹೊರತು ತೊಟ್ಟಿಗೆ ಇಳಿದ ದಿನದಿಂದಲ್ಲ. ಚೆನ್ನೈನ ಕೊಳತ್ತೂರಿನ ಅಂಗಡಿಯ ಸೆಕೆಯಲ್ಲಾಗಲಿ ಆನ್‌ಲೈನ್ ಮಾರಾಟಗಾರನ ಗೋದಾಮಿನಲ್ಲಾಗಲಿ ಒಂದು ವರ್ಷ ಕಳೆದ ಪ್ರೋಬ್ ಹೊಸ ಡಬ್ಬಿಯೊಳಗಿನ ಮುದುಕ. ಆದರೂ ಡಬ್ಬಿಯ ಮೇಲೆ ತಯಾರಿಕೆಯ ದಿನಾಂಕ ಹುಡುಕುವ ಗಿರಾಕಿ ಎಷ್ಟು ಮಂದಿ? ಬ್ರೆಡ್ ಪೊಟ್ಟಣವನ್ನು ತಿರುಗಿಸಿ ತಾರೀಖು ನೋಡುವವರು ಇಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ.

ಆರೈಕೆ ಕಷ್ಟದ್ದೇನಲ್ಲ. ತಿಂಗಳಿಗೊಮ್ಮೆ ತೆಗೆದು ಮೃದುವಾದ ಬ್ರಷ್ಷಿನಿಂದ ಪಾಚಿ ಬಿಡಿಸಬೇಕು, ಸುಣ್ಣ ಕಟ್ಟಿದ್ದರೆ ವಿನೆಗರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಬೇಕು. ಆಮೇಲೆ ಪಿಎಚ್ 7 ಮತ್ತು 4ರ ಬಫರ್ ದ್ರಾವಣಗಳಲ್ಲಿ ಕ್ಯಾಲಿಬ್ರೇಷನ್, ಉಪ್ಪುನೀರಿನ ತೊಟ್ಟಿಯಾದರೆ 7 ಮತ್ತು 10. ಬಳಸಿದ ಬಫರನ್ನು ಬಾಟಲಿಗೆ ಮರಳಿ ಸುರಿಯಬಾರದು. ಅದರಲ್ಲೂ 10ರದ್ದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತಾನೇ ಇಳಿಯುತ್ತದೆ, ತೆರೆದಿಟ್ಟರೆ ಬಹಳ ದಿನ ನಂಬುವಂತಿಲ್ಲ. ಪ್ರೋಬನ್ನು ಎತ್ತಿಡುವಾಗ ತುದಿ ಒಣಗಬಾರದು. ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕೇ ಹೊರತು ಶುದ್ಧವೆಂದುಕೊಂಡು ಆರ್‌ಒ ನೀರಿನಲ್ಲಿ ಅಲ್ಲ. ಒಟ್ಟು ಅರ್ಧ ಗಂಟೆಯ ಕೆಲಸ.

ಭಾರತದ ಮನೆಗಳಲ್ಲಿ ಇನ್ನೊಂದು ಪರೀಕ್ಷೆಯನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು, ಅದಕ್ಕೆ ಕಾಸೂ ಬೇಡ. ತೊಟ್ಟಿಯ ನೀರನ್ನೇ ಒಂದು ಲೋಟಕ್ಕೆ ತೆಗೆದು ಪ್ರೋಬನ್ನು ಅದರಲ್ಲಿಟ್ಟು ನೋಡಬೇಕು. ಲೋಟದಲ್ಲೊಂದು ಅಂಕಿ, ತೊಟ್ಟಿಯಲ್ಲೊಂದು ಅಂಕಿ ಬಂದರೆ ತಪ್ಪು ಪ್ರೋಬಿನದಲ್ಲದಿರಬಹುದು: ಹೀಟರಿನಿಂದಲೋ ಪಂಪಿನಿಂದಲೋ ನೀರಿಗೆ ವಿದ್ಯುತ್ ಸೋರುತ್ತಿದೆ. ಅರ್ಥಿಂಗ್ ಸರಿಯಿಲ್ಲದ ಬಾಡಿಗೆ ಫ್ಲ್ಯಾಟಿನಲ್ಲಿ ಅದು ಮೀನಿಗಿಂತ ಮೊದಲು ಮನುಷ್ಯನಿಗೆ ಬೇಕಾದ ಸುದ್ದಿ.

ಇದಕ್ಕಿಂತ ದೊಡ್ಡ ಯಂತ್ರಗಳ ಕಥೆ ಹವಳದ ತೊಟ್ಟಿಗಳದ್ದು. ಅವುಗಳ ನಿಜವಾದ ಊರು ಅಮೆರಿಕ, ಯುರೋಪು. ಭಾರತದಲ್ಲಿ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಹುಲಿಯ ಸಾಲಿನಲ್ಲಿ ಇವೆ ಎಂಬುದನ್ನು ಅಂಗಡಿಯವರು ಎಷ್ಟು ಮಂದಿಗೆ ಹೇಳುತ್ತಾರೋ. ನೆಪ್ಚೂನ್ ಸಿಸ್ಟಮ್ಸ್‌ನ ಟ್ರೈಡೆಂಟ್, ಜರ್ಮನಿಯ ಜಿಎಚ್‌ಎಲ್‌ನ ಕೆಎಚ್ ಡೈರೆಕ್ಟರ್, ಫೋಕಸ್ಟ್ರಾನಿಕ್‌ನ ಆಲ್ಕಾಟ್ರಾನಿಕ್ ಮೊದಲಾದವು ತೊಟ್ಟಿಯಿಂದ ತಾವೇ ನೀರು ಸೇದಿ, ಹನಿ ಹನಿಯಾಗಿ ರಾಸಾಯನಿಕ ಬೆರೆಸಿ, ದಿನಕ್ಕೆ ಹಲವು ಬಾರಿ ಕೆಎಚ್ ಕಂಡುಹಿಡಿಯುತ್ತವೆ. ಟ್ರೈಡೆಂಟ್ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಅಳೆಯುತ್ತದೆ. ಕೆಎಚ್‌ಗೆ ಇಷ್ಟು ಮಹತ್ವ ಬರಲು ಕಾರಣವಿದೆ. ಹವಳ ಅಸ್ಥಿಪಂಜರ ಕಟ್ಟುವಾಗ ಒಂದು ಡಿಗ್ರಿ ಕೆಎಚ್ ಖರ್ಚಾದರೆ ಕ್ಯಾಲ್ಸಿಯಂ ಲೀಟರಿಗೆ ಸುಮಾರು 7 ಮಿಲಿಗ್ರಾಂ ಮಾತ್ರ ಇಳಿಯುತ್ತದೆ. 8ರಲ್ಲಿ ಒಂದು ಹೋದದ್ದು ಎದ್ದು ಕಾಣುತ್ತದೆ, 420ರಲ್ಲಿ ಏಳು ಹೋದದ್ದು ಅಳತೆಯ ದೋಷದಲ್ಲೇ ಮುಳುಗಿಹೋಗುತ್ತದೆ.

ಈ ಯಂತ್ರಗಳು ಬೊಗಳೆ ಎಂದು ವಾದಿಸುವವರಿದ್ದಾರೆ, ಅದು ಸರಿಯಲ್ಲ. ವಾರಕ್ಕೊಮ್ಮೆ ಕೈಯಿಂದ ಮಾಡುವ ಪರೀಕ್ಷೆ ಒಂದು ಚುಕ್ಕಿಯನ್ನಷ್ಟೇ ಕೊಡುತ್ತದೆ. ದಿನಕ್ಕೆ ನಾಲ್ಕು ಸಲ ಅಳೆಯುವ ಯಂತ್ರ ಗೆರೆಯನ್ನೇ ಎಳೆಯುತ್ತದೆ; ಹಗಲು ಏನಾಯಿತು, ರಾತ್ರಿ ಏನಾಯಿತು ಎಂಬುದು ಅದರಲ್ಲಿ ಕಾಣುತ್ತದೆ. ಬಣ್ಣ ಬದಲಾಯಿತೋ ಇಲ್ಲವೋ ಎಂದು ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡುವ ಕಷ್ಟವೂ ಇಲ್ಲ. ಜಗಳ ಇರುವುದು ಯಂತ್ರದ ಮೇಲಲ್ಲ. ಅದರ ರಬ್ಬರು ನಳಿಗೆಯ ಬಗ್ಗೆ ಬಾಯಿಮುಚ್ಚಿ ಕೂರುವವರ ಮೇಲೆ.

ಆ ನಳಿಗೆಯನ್ನೇ ನೋಡಿ. ಒಳಗಿನ ಪಂಪು ಉರುಳೆಗಳಿಂದ ಮೆತ್ತನೆಯ ನಳಿಗೆಯನ್ನು ಒತ್ತಿ ಒತ್ತಿ ನೀರು ತಳ್ಳುತ್ತದೆ. ಸುತ್ತು ಇಷ್ಟಾದರೆ ನೀರು ಇಷ್ಟು ಎಂಬುದು ಯಂತ್ರದ ನಂಬಿಕೆ. ಸಾವಿರಾರು ಸುತ್ತಿನ ನಂತರ ನಳಿಗೆ ಸಡಿಲವಾಗಿ, ಅಷ್ಟೇ ಸುತ್ತಿಗೆ ಶೇ. 5ರಷ್ಟು ಕಡಿಮೆ ತೊಟ್ಟಿನೀರು ಬಂತೆನ್ನಿ. ನೀರು ಕಡಿಮೆಯಾದ್ದರಿಂದ ಆಮ್ಲವೂ ಕಡಿಮೆ ಸಾಕಾಗುತ್ತದೆ. ನಿಜವಾದ ಕೆಎಚ್ 8.0, ಪರದೆಯಲ್ಲಿ 7.6. ಆಮ್ಲ ತಳ್ಳುವ ನಳಿಗೆ ಸಡಿಲವಾದರೆ ಇದರ ಉಲ್ಟಾ: ಪಂಪು ಹೆಚ್ಚು ಸುತ್ತಬೇಕಾಗಿ ಅಂಕಿ ಮೇಲೇರುತ್ತದೆ. ಎರಡೂ ಒಟ್ಟಿಗೆ ಸವೆದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿ ಕೆಲಕಾಲ ಎಲ್ಲ ಸರಿ ಕಾಣುವುದೂ ಉಂಟು. ರಿಯೇಜೆಂಟ್ ಬಾಟಲಿಯದೂ ಇದೇ ಪಾಡು. ಸಾಮಾನ್ಯವಾಗಿ ಯಂತ್ರ ಬಾಟಲಿಯೊಳಗೆ ಇಣುಕಿ ನೋಡುವುದಿಲ್ಲ, ಇಷ್ಟು ಬಳಸಿದೆ ಎಂದು ಮನಸ್ಸಿನಲ್ಲೇ ಕಳೆಯುತ್ತ ಹೋಗುತ್ತದೆ. ತಳ ಕಂಡ ಬಾಟಲಿಯಿಂದ ಗಾಳಿಯ ಗುಳ್ಳೆ ಬಂದರೆ ಅದನ್ನೂ ರಿಯೇಜೆಂಟ್ ಎಂದೇ ಎಣಿಸುತ್ತದೆ.

ಈ 7.6ನ್ನು ನಂಬಿ ಡೋಸಿಂಗ್ ಪಂಪು ತೊಟ್ಟಿಗೆ ಹೆಚ್ಚು ಕ್ಷಾರ ಸುರಿಯತೊಡಗುತ್ತದೆ. ಪರದೆ ಮತ್ತೆ 8.0 ತೋರಿಸುವ ಹೊತ್ತಿಗೆ ತೊಟ್ಟಿ 8.4 ದಾಟಿರುತ್ತದೆ. ಸವೆತ ಶೇ. 10 ಆದಾಗ 8.9 ಮುಟ್ಟಿರುತ್ತದೆ. ಇದು ವಾರಗಟ್ಟಲೆ ನಡೆಯುವುದರಿಂದ ಹವಳ ಹೇಗೋ ಒಗ್ಗಿಕೊಂಡಿರುತ್ತದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಬಂದು, ಇದಕ್ಕೆ ಒಂದೂವರೆ ವರ್ಷದಿಂದ ಸರ್ವಿಸ್ ಇಲ್ಲವಲ್ಲ ಎಂದು ನಳಿಗೆ ಬದಲಿಸಿ ಹೊಸದಾಗಿ ಕ್ಯಾಲಿಬ್ರೇಷನ್ ಮಾಡುತ್ತಾರೆ. ಮರುಕ್ಷಣ ಪರದೆಯಲ್ಲಿ ನಿಜವಾದ 8.9 ಕಾಣುತ್ತದೆ. ಗುರಿ 8.0 ತಾನೆ? ಯಂತ್ರ ಡೋಸಿಂಗ್ ಪೂರಾ ನಿಲ್ಲಿಸುತ್ತದೆ, ಹವಳಗಳು ದಿನವೂ ಒಂದು ಡಿಗ್ರಿ ಉಣ್ಣುವ ತೊಟ್ಟಿಯಲ್ಲಿ ಮರುದಿನಕ್ಕೇ ಕೆಎಚ್ ದಢಕ್ಕನೆ ಕುಸಿಯುತ್ತದೆ. ವಾರದೊಳಗೆ ಹವಳದ ಚರ್ಮ ಸುಲಿಯುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆಗ ಹುಟ್ಟುತ್ತದೆ ಈ ಹವ್ಯಾಸದ ಅತಿ ಅಪಾಯಕಾರಿ ನಂಬಿಕೆ: ‘ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟಬೇಡಿ, ಸರ್ವಿಸ್ ಮಾಡಿಸಿದ ಮೇಲೆಯೇ ಹಾಳಾದದ್ದು.’ ಸರ್ವಿಸ್‌ನಿಂದ ಹಾಳಾಗಿಲ್ಲ, ತಡವಾದ ಸರ್ವಿಸ್‌ನಿಂದ ಹಾಳಾಗಿದೆ. ಮೂರು ತಿಂಗಳಿಗೊಮ್ಮೆ ನೋಡಿದ್ದರೆ ಜಾರಿಕೆ 0.1ರಲ್ಲಿದ್ದಾಗಲೇ ಸರಿಹೋಗುತ್ತಿತ್ತು, ಹವಳಕ್ಕೆ ಗೊತ್ತೂ ಆಗುತ್ತಿರಲಿಲ್ಲ. ತಡವಾಗಿ ಮಾಡುವ ದಿನವಾದರೂ ಮೊದಲು ಡೋಸಿಂಗ್ ಪಂಪನ್ನು ಯಂತ್ರದ ಹಿಡಿತದಿಂದ ಬಿಡಿಸಿ, ಈವರೆಗಿನ ದಿನದ ಡೋಸ್‌ನಲ್ಲೇ ಟೈಮರಿಗೆ ಹಾಕಿ, ಗುರಿಯನ್ನು ನಿಜವಾದ ಅಂಕಿಗೆ ಏರಿಸಿ, ಅಲ್ಲಿಂದ ದಿನಕ್ಕಿಷ್ಟು ಎಂದು ಇಳಿಸಿಕೊಂಡು ಬರಬೇಕು. ಡಬ್ಬಿಯ ಜೊತೆ ಬರುವ ಕೈಪಿಡಿಯಲ್ಲಿ ಎದ್ದು ಕಾಣಬೇಕಾದ ಪುಟ ಇದು.

ಯಂತ್ರವನ್ನು ಪರೀಕ್ಷಿಸಲು ಸಾಮಾನ್ಯರಿಗೆ ದಾರಿಯಿಲ್ಲ, ಕಂಪನಿಯವರೇ ಬರಬೇಕು ಎನ್ನುವುದು ಇನ್ನೊಂದು ನೆಪ. ಅಡಿಗೆ ಸೋಡಾ ಸಾಕು. ಅದರ 30 ಮಿಲಿಗ್ರಾಂ ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿದರೆ ಒಂದು ಡಿಗ್ರಿ ಕೆಎಚ್. ತೇವ ತಾಗದ ಹೊಸ ಪೊಟ್ಟಣದ ಸೋಡಾ 2.4 ಗ್ರಾಂ ತೂಗಿ ಒಂದು ಲೀಟರಿನಲ್ಲಿ ಕರಗಿಸಿ, ಅದರಿಂದ 100 ಮಿಲಿಲೀಟರ್ ತೆಗೆದು ಮತ್ತೆ ಡಿಸ್ಟಿಲ್ಡ್ ನೀರಿನಿಂದಲೇ ಒಂದು ಲೀಟರ್ ಮಾಡಿದರೆ ಕೈಯಲ್ಲಿರುವುದು 8 ಡಿಗ್ರಿಯ ನೀರು. ಆಭರಣದ ಅಂಗಡಿಗಳಲ್ಲಿರುವಂಥ ಪುಟ್ಟ ತಕ್ಕಡಿ ಸಾಕು. ಕೈ ಪರೀಕ್ಷೆಯ ಕಿಟ್ಟನ್ನು ಮೊದಲು ಈ ನೀರಿನ ಮೇಲೆ ಹಿಡಿದು ನೋಡಬೇಕು, ಏಕೆಂದರೆ ಕಿಟ್ಟೂ ಸತ್ಯಹರಿಶ್ಚಂದ್ರನೇನಲ್ಲ. ಕಿಟ್ 8 ಹೇಳಿದರೆ ಅದನ್ನು ಸಾಕ್ಷಿಯಾಗಿಟ್ಟುಕೊಂಡು ತೊಟ್ಟಿನೀರಿನ ಬಗ್ಗೆ ಯಂತ್ರ ಹೇಳುವುದನ್ನು ವಿಚಾರಿಸಬೇಕು. ಇಂಥ ಹೊರಗಿನ ಸಾಕ್ಷಿಯಿಲ್ಲದೆ ಯಂತ್ರ ತಾನೇ ತನ್ನ ಪರವಾಗಿ ಹೇಳುವ 8.02 ಎಂಬ ಅಂಕಿಯಲ್ಲಿ, ದಶಮಾಂಶದ ಆಚೆಗಿನ ಆ 2 ಬರೀ ಶೃಂಗಾರ.

ಸೇರು, ಪಾವುಗಳಲ್ಲಿ ಧಾನ್ಯ ಅಳೆಯುತ್ತಿದ್ದ ಕಾಲದಲ್ಲಿ ಸೇರಿನ ತಳ ಒಳಕ್ಕೆ ಉಬ್ಬಿದೆಯೇ ಎಂದು ನೋಡಿಯೇ ಅಕ್ಕಿ ಕೊಳ್ಳುವ ಹೆಂಗಸರಿದ್ದರು. ಇವತ್ತಿಗೂ ತರಕಾರಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು, ಅವಧಿ ಮುಗಿದರೆ ಮತ್ತೆ ಪರಿಶೀಲನೆಗೆ ಒಡ್ಡಬೇಕು. ಎರಡು ಕಿಲೋ ಈರುಳ್ಳಿಯಲ್ಲಿ ಐವತ್ತು ಗ್ರಾಂ ಹೋದರೆ ಆಗುವ ನಷ್ಟಕ್ಕೆ ಇಷ್ಟೆಲ್ಲ ಏರ್ಪಾಡು. ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿರುವ, ಓಡಿಹೋಗಲು ಎಲ್ಲೂ ಜಾಗವಿಲ್ಲದ ಜೀವದ ಉಸಿರನ್ನು ಅಳೆಯುವ ಯಂತ್ರಕ್ಕೆ ಮುದ್ರೆಯೂ ಇಲ್ಲ, ಅವಧಿಯೂ ಇಲ್ಲ.

ವಾರಂಟಿ ಕಾಗದ ಬಿಡಿಸಿ ಓದಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಪ್ರೋಬ್, ನಳಿಗೆ, ರಿಯೇಜೆಂಟುಗಳನ್ನು ಸಾಮಾನ್ಯವಾಗಿ ‘ಸವೆಯುವ ಭಾಗ’ ಎಂದು ಹೊರಗಿಡಲಾಗಿರುತ್ತದೆ. ಅಂದರೆ ಪೆಟ್ಟಿಗೆಗೆ, ಪರದೆಗೆ ವಾರಂಟಿ ಉಂಟು. ಅಳೆಯುವ ಅಂಗಗಳಿಗೆ ಇಲ್ಲ. ಸವೆಯುವುದು ಸಹಜ, ಅದಕ್ಕೆ ಯಾರನ್ನೂ ದೂರಬೇಕಿಲ್ಲ. ಆದರೆ ಆ ಬಿಡಿಭಾಗ ಊರಿನಲ್ಲಿ ಸಿಗುತ್ತದೆಯೇ, ವರ್ಷಕ್ಕೆ ಎಷ್ಟು ಬೇಕು, ಡಾಲರಿನ ಬೆಲೆಗೆ ಸುಂಕ ಸೇರಿ ಎಷ್ಟಾಗುತ್ತದೆ ಎಂಬುದನ್ನು ಮಾರುವ ದಿನವೇ ಹೇಳದಿರುವುದು ಸಹಜವಲ್ಲ. ಸೆನೈ ಎಂಬ ಬ್ರಿಟಿಷ್ ಸಾಧನ ಅಮೋನಿಯಾ ಮತ್ತು ಪಿಎಚ್ ನೋಡಲು ಒಂದು ಸ್ಲೈಡ್ ಬಳಸುತ್ತದೆ. ಸ್ಲೈಡನ್ನು 30 ದಿನಕ್ಕೊಮ್ಮೆ ಬದಲಿಸಬೇಕು ಎಂದು ತಯಾರಕರೇ ಸ್ಪಷ್ಟವಾಗಿ ಹೇಳುತ್ತಾರೆ, ಅದು ಪ್ರಾಮಾಣಿಕತೆ. ಅದನ್ನು ಎಳೆದಾಡಿ ಮೂರು ತಿಂಗಳು ಓಡಿಸುವವರು ಉಳಿಸುವ ದುಡ್ಡಿನಲ್ಲಿ ಕಳೆದುಕೊಳ್ಳುವುದು ಅಮೋನಿಯಾದ ಸುದ್ದಿಯನ್ನು; ಪಿಎಚ್ 7ರಿಂದ 8ಕ್ಕೆ ಏರಿದರೆ ಅದೇ ಅಮೋನಿಯಾದ ವಿಷಕಾರಿ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುವ ವಸ್ತು ಅದು.

ಇನ್ನು ತೊಟ್ಟಿ ನೋಡಿಕೊಳ್ಳುವ ಹುಡುಗ. ಹೈದರಾಬಾದಿನ ಐಟಿ ಕಚೇರಿಯ ಸ್ವಾಗತ ಕೊಠಡಿ, ದೆಹಲಿಯ ದಂತವೈದ್ಯರ ಕಾಯುವ ಕೋಣೆ, ಗಲ್ಲಾಪೆಟ್ಟಿಗೆಯ ಪಕ್ಕ ಮೀನು ಇಟ್ಟುಕೊಂಡ ಮುಂಬಯಿಯ ಹೋಟೆಲು, ಎಲ್ಲ ಕಡೆಗೂ ಹದಿನೈದು ದಿನಕ್ಕೊಮ್ಮೆ ಬಕೆಟು ಹಿಡಿದು ಬರುವವನು. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಅವನ ಕೆಲಸ ಗಾಜು ಉಜ್ಜುವುದು, ಫಿಲ್ಟರ್ ತೊಳೆಯುವುದು, ನೀರು ಬದಲಿಸುವುದು. ಕ್ಯಾಲಿಬ್ರೇಷನ್ ಎಂಬ ಪದವೇ ಸಾಮಾನ್ಯವಾಗಿ ಅದರಲ್ಲಿಲ್ಲ. ಗೋಡೆಯ ಮೇಲಿನ ಯಂತ್ರವನ್ನು ಮುಟ್ಟಬೇಡ, ದುಬಾರಿ ಸಾಮಾನು ಎಂದು ಅವನಿಗೆ ಎಚ್ಚರಿಕೆ ಬೇರೆ. ಮೀನು ಸತ್ತ ಬೆಳಿಗ್ಗೆ ಮಾತ್ರ ಮೊದಲ ಫೋನು ಅವನಿಗೇ: ಯಂತ್ರ ಎಲ್ಲ ಸರಿ ತೋರಿಸುತ್ತಿದೆ, ನೀನೇನು ಮಾಡಿದೆ? ದುಬಾರಿ ಯಂತ್ರದ ಸಾಕ್ಷ್ಯದ ಎದುರು ದಿನಗೂಲಿಯವನ ಸಾಕ್ಷ್ಯ ನಿಲ್ಲುವುದಿಲ್ಲ. ಮೀನು ಮೂಲೆ ಹಿಡಿದಿದೆ, ಉಸಿರು ಜೋರಾಗಿದೆ ಎಂದು ಹದಿನೈದು ದಿನದ ಹಿಂದೆ ಅವನು ಹೇಳಿದ್ದರೂ ಅದು ಯಾವ ಆ್ಯಪ್‌ನಲ್ಲೂ ದಾಖಲಾಗಿರುವುದಿಲ್ಲ.

ಒಪ್ಪಂದವನ್ನು ಬದಲಿಸಬೇಕು. ತಿಂಗಳಿಗೊಮ್ಮೆ ಪ್ರೋಬ್ ಶುಚಿ ಮತ್ತು ಕ್ಯಾಲಿಬ್ರೇಷನ್, ವಾರಕ್ಕೊಮ್ಮೆ ಕೈಕಿಟ್ಟಿನ ಸಾಕ್ಷಿ, ತಯಾರಕರು ಹೇಳಿದ ಅವಧಿಗೆ ನಳಿಗೆ ಬದಲಾವಣೆ ಎಂದು ಅದರಲ್ಲಿ ಬರೆಯಬೇಕು. ಆ ಗಂಟೆಗಳಿಗೆ ಬೇರೆ ಕೂಲಿ ನಮೂದಿಸಬೇಕು. ಆ ವಿದ್ಯೆ ಕಲಿತವನಿಗೆ ಗಾಜು ಉಜ್ಜುವವನಿಗಿಂತ ಹೆಚ್ಚು ಕೊಡಬೇಕು. ಕೊಡಲಾಗದವರು ಯಂತ್ರ ಕೊಳ್ಳದಿರುವುದೇ ಮೇಲು; ಒಂದು ಕೈಕಿಟ್ಟು, ಒಂದು ನೋಟ್‌ಬುಕ್ಕು, ವಾರಕ್ಕೆ ಶೇ. 25ರಷ್ಟು ನೀರು ಬದಲಾವಣೆಯಲ್ಲಿ ತಲೆಮಾರುಗಳ ಮೀನು ಬದುಕಿವೆ. ಕೊಂಡವರು ಯಂತ್ರದ ಕೈಗೆ ಪೂರ್ತಿ ಅಧಿಕಾರ ಕೊಡದಿರಬೇಕು: ಅನಿಲವನ್ನು ಟೈಮರ್ ಮತ್ತು ಎಣಿಸಿಟ್ಟ ಗುಳ್ಳೆಗಳ ಲೆಕ್ಕದಲ್ಲಿ ಬಿಟ್ಟು, ಕಂಟ್ರೋಲರನ್ನು ಮಿತಿ ಮೀರಿದಾಗ ನಿಲ್ಲಿಸುವ ಕಾವಲುಗಾರನನ್ನಾಗಿ ಮಾತ್ರ ಇಡಬೇಕು. ಡೋಸಿಂಗ್ ಪಂಪಿಗೆ, ಪರದೆ ಏನೇ ಹೇಳಲಿ, ದಿನಕ್ಕೆ ಇಷ್ಟಕ್ಕಿಂತ ಹೆಚ್ಚೂ ಇಲ್ಲ, ಇಷ್ಟಕ್ಕಿಂತ ಕಡಿಮೆಯೂ ಇಲ್ಲ ಎಂಬ ಬೀಗ ಹಾಕಬೇಕು.

ಯಂತ್ರದ ಮೈಗೆ ಒಂದು ಚೀಟಿ ಅಂಟಿಸಬೇಕು: ಪ್ರೋಬ್ ಇಳಿಸಿದ ದಿನ, ಕೊನೆಯ ಕ್ಯಾಲಿಬ್ರೇಷನ್, ಆವತ್ತು ಎಷ್ಟು ಜಾರಿತ್ತು, ಮಾಡಿದವರ ಹೆಸರು. ಆ ಚೀಟಿ ಇಲ್ಲದ ಯಂತ್ರದಿಂದ ಡೋಸಿಂಗ್ ಪಂಪಿನ ಪ್ಲಗ್ಗನ್ನು ಇವತ್ತೇ ಬಿಡಿಸಿ ಟೈಮರಿಗೆ ಸಿಕ್ಕಿಸಬೇಕು.